ಹುಲ್ಲು ಬೆಳೆಯದ ನೆಲದ ಮೇಲೆ ಚಕ್ರದ ಗುರುತು

2024ರ ಆಗಸ್ಟಿನಲ್ಲಿ ಒಂದು ದಿನ ನಮ್ಮ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯ ಬಾಗಿಲಿಗೆ ಬಂದು ತನ್ನ ಫೋನಿನಲ್ಲಿದ್ದ ಒಂದು ಚಲಚ್ಚಿತ್ರವನ್ನು ತೋರಿಸಿದನು. ಅದರಲ್ಲಿ ಬೂದಿಯ ಬಣ್ಣದ ಗುಡ್ಡಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೂ ಗಿಡವಿಲ್ಲ, ಹುಲ್ಲಿಲ್ಲ. ಕತ್ತಿಯ ಅಲಗಿನಂತಿದ್ದ ಅವುಗಳ ನೆತ್ತಿಯ ಮೇಲೆ ಸವಾರನೊಬ್ಬನು ಮೋಟಾರು ಸೈಕಲ್ಲನ್ನು ಓಡಿಸಿಕೊಂಡು ಹೋಗಿ, ಪಕ್ಕದ ಇಳಿಜಾರಿನಲ್ಲಿ ಜಾರಿ ಇಳಿದು, ಇನ್ನೊಂದು ಗುಡ್ಡವನ್ನು ಏರುತ್ತಿದ್ದನು. ಚಿತ್ರ ಮುಗಿದ ಮೇಲೆ ವಿದ್ಯಾರ್ಥಿಯು, “ಇಲ್ಲಿ ಹೀಗೆ ಓಡಿಸಬಾರದೆಂದು ಅಲ್ಲಿನ ಸರ್ಕಾರ ಒಮ್ಮೆ ನಿಷೇಧ ಹಾಕಿತ್ತಂತೆ, ಸಾರ್. ಹುಲ್ಲೂ ಬೆಳೆಯದ ನೆಲದ ಮೇಲೆ ಗಾಡಿ ಓಡಿಸಿದರೆ ಯಾರ ಗಂಟು ಹೋಗುತ್ತದೆ?” ಎಂದು ಕೇಳಿದನು.

ಚಿತ್ರದಲ್ಲಿದ್ದ ಸ್ಥಳವನ್ನು ನಾವು ಗುರುತಿಸಿದೆವು. ಅದು ಅಮೆರಿಕದ ಯೂಟಾ ರಾಜ್ಯದಲ್ಲಿ ಫ್ಯಾಕ್ಟರಿ ಬ್ಯೂಟ್ ಎಂಬ ಗುಡ್ಡದ ಸುತ್ತಣ ನೆಲ. ಹಿಂದಿನ ವರ್ಷದ ಬೇಸಿಗೆಯ ರಜೆಯಲ್ಲಿ ನಾವು ಅಲ್ಲಿಗೆ ಹೋಗಿ ಬಂದಿದ್ದೆವು. ಹೋಗುವಾಗ ನಮ್ಮ ಮನಸ್ಸಿನಲ್ಲಿಯೂ ಇದೇ ಪ್ರಶ್ನೆ ಇದ್ದಿತಾಗಿ ಅವನನ್ನು ಗದರಿಸುವ ಅಧಿಕಾರ ನಮಗಿರಲಿಲ್ಲ. ಗಂಟೆ ಬಾರಿಸಿದ್ದರಿಂದ ಆ ದಿನ ಕೊಟ್ಟ ಉತ್ತರವೂ ಅರೆಬರೆಯಾಯಿತು. ಅದನ್ನು ಇಲ್ಲಿ ಸಾವಕಾಶವಾಗಿ ಹೇಳಬೇಕೆಂದಿದ್ದೇವೆ.

ಇಂತಹ ನೆಲಕ್ಕೆ ಇಂಗ್ಲಿಷಿನಲ್ಲಿ ಬ್ಯಾಡ್‌ಲ್ಯಾಂಡ್ಸ್ ಎಂದು ಹೆಸರು. ಈ ಹೆಸರು ಹುಟ್ಟಿದುದು ದಕ್ಷಿಣ ಡಕೋಟಾ ಪ್ರಾಂತದಲ್ಲಿ. ಅಲ್ಲಿನ ಲಕೋಟಾ ಜನರು ಅದನ್ನು ‘ಮಾಕೋ ಸೀಚಾ’, ಎಂದರೆ ಕೆಟ್ಟ ನೆಲ, ಎಂದು ಕರೆದರು. ತುಪ್ಪುಳುಚರ್ಮದ ವ್ಯಾಪಾರಕ್ಕಾಗಿ ಬಂದ ಫ್ರೆಂಚರು ‘ದಾಟಲು ಕೆಟ್ಟ ನೆಲ’ ಎಂದರು. ಇದು ದಾಟಿಹೋಗುವವನು ಇಟ್ಟ ಹೆಸರು ಎಂಬುದನ್ನು ವಾಚಕರು ಗಮನಿಸಬೇಕು. ನೆಲ ತನ್ನ ಮಟ್ಟಿಗೆ ಕೆಟ್ಟುದಲ್ಲ. ನಾವು ಅದನ್ನು ಕೊರಕಲು ನೆಲವೆಂದು ಕರೆಯೋಣ. ನಮ್ಮ ದೇಶದಲ್ಲಿ ಚಂಬಲ್ ನದಿಯ ಇಕ್ಕೆಲದ ಕಂದರಗಳೂ ಇದೇ ಜಾತಿಗೆ ಸೇರಿದವು.

ಕೊರಕಲು ನೆಲವಾಗಲು ಮೂರು ಸಂಗತಿಗಳು ಕೂಡಿಬರಬೇಕು: ಬಂಡೆ ಮೆತ್ತಗಿರಬೇಕು, ಅದನ್ನು ಹಿಡಿದುಕೊಳ್ಳುವ ಬೇರುಗಳು ವಿರಳವಾಗಿರಬೇಕು, ಮಳೆ ಅಪರೂಪವಾಗಿ ಬಂದರೂ ಬಂದಾಗ ಜೋರಾಗಿ ಬಡಿಯಬೇಕು. ದಕ್ಷಿಣ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ನೆಲ ವರ್ಷಕ್ಕೆ ಸರಾಸರಿ ಒಂದು ಅಂಗುಲದಷ್ಟು ಸವೆಯುತ್ತದೆ. ಭೂವಿಜ್ಞಾನದ ಲೆಕ್ಕದಲ್ಲಿ ಇದು ಓಟವೇ ಸರಿ. ಗಟ್ಟಿಯಾದ ಬೆಣಚುಕಲ್ಲು ಇಷ್ಟು ಸವೆಯಲು ಸಾವಿರಾರು ವರ್ಷಗಳು ಬೇಕು. ಅಲ್ಲಿ ಕೊರೆತ ಆರಂಭವಾದುದು ಸುಮಾರು 5 ಲಕ್ಷ ವರ್ಷಗಳ ಹಿಂದೆ. ಇನ್ನು 5 ಲಕ್ಷ ವರ್ಷ ಕಳೆದರೆ ಆ ಗುಡ್ಡಗಳೇ ಉಳಿಯಲಾರವೆಂದು ಅಂದಾಜು.

ಯೂಟಾದ ಬೂದುಗುಡ್ಡಗಳ ಕಥೆ ಬೇರೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕದ ನಡುವೆ, ಉತ್ತರಧ್ರುವ ಸಮುದ್ರದಿಂದ ಮೆಕ್ಸಿಕೋ ಕೊಲ್ಲಿಯವರೆಗೆ, ಒಂದು ಸಮುದ್ರ ಚಾಚಿಕೊಂಡಿತ್ತು. ಅದರ ತಳದಲ್ಲಿ ಕುಳಿತ ಕೆಸರು ಒತ್ತಡಕ್ಕೆ ಸಿಕ್ಕಿ ಮ್ಯಾಂಕೋಸ್ ಶೇಲ್ ಎಂಬ ಹಾಳೆಹಾಳೆಯಾದ ಜೇಡಿಶಿಲೆಯಾಯಿತು. ಆ ಸಮುದ್ರದ ಉಪ್ಪು ಇಂದಿಗೂ ಅದರೊಳಗೆ ಉಳಿದಿದೆ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ. ಫ್ಯಾಕ್ಟರಿ ಬ್ಯೂಟ್ ಎಂಬುದು ಈ ಶೇಲಿನ ರಾಶಿಯ ಮೇಲೆ ಮರಳುಗಲ್ಲಿನ ಟೊಪ್ಪಿಗೆ ಉಳಿದುಕೊಂಡು ನಿಂತಿರುವ ಗುಡ್ಡ. ಸಮುದ್ರಮಟ್ಟದಿಂದ 1,921 ಮೀಟರು ಎತ್ತರ. ಟೊಪ್ಪಿಗೆ ಹೋದ ಕಡೆಗಳಲ್ಲಿ ಶೇಲು ಕರಗಿ ಇಳಿದಿದೆ, ಇದ್ದಲ್ಲಿ ಕಂಬದಂತೆ ನಿಂತಿದೆ. ಪ್ರೋವೋ ಪಟ್ಟಣದ ಹಳೆಯ ಉಣ್ಣೆಗಿರಣಿಯ ಹಾಗೆ ಕಂಡುದರಿಂದ ಅದಕ್ಕೆ ಕಾರ್ಖಾನೆಯ ಹೆಸರು ಬಂದಿತು. ಸುತ್ತಣ ನೆಲ ಎಷ್ಟು ಬೋಳಾಗಿದೆಯೆಂದರೆ, ಹತ್ತಿರದ ಹ್ಯಾಂಕ್ಸ್‌ವಿಲ್ ಎಂಬ ಊರಿನ ಬಳಿ 2001ರಲ್ಲಿ ಮಾರ್ಸ್ ಸೊಸೈಟಿಯವರು ಮಂಗಳಗ್ರಹದ ವಾಸವನ್ನು ಅಭ್ಯಾಸ ಮಾಡುವುದಕ್ಕಾಗಿ ಒಂದು ಕೇಂದ್ರವನ್ನು ಕಟ್ಟಿದರು.

ಇಂತಹ ಸೀಮೆಯಲ್ಲಿ ತಿರುಗಾಡಲು ಮೋಟಾರು ಸೈಕಲ್ಲುಗಳಲ್ಲಿಯೇ ಒಂದು ವರ್ಗವುಂಟು. ಡ್ಯುಯಲ್ ಸ್ಪೋರ್ಟ್ ಎಂದು ಅದರ ಹೆಸರು. ಉಭಯಮಾರ್ಗಿಯೆಂದರೆ ನಮಗೆ ಸುಲಭವಾಗಿ ತಿಳಿಯುತ್ತದೆ. ದೀಪ, ಕನ್ನಡಿ, ನೋಂದಣಿಯ ಫಲಕಗಳಿದ್ದು ಹೆದ್ದಾರಿಯಲ್ಲಿ ಕಾನೂನುಬದ್ಧವಾಗಿ ಓಡಬೇಕು. ಹೆದ್ದಾರಿ ಮುಗಿದಲ್ಲಿ ಕಲ್ಲು, ಮರಳುಗಳ ಜಾಡಿನಲ್ಲಿಯೂ ಓಡಬೇಕು. 1968ರಲ್ಲಿ ಅಮೆರಿಕದ ಪೇಟೆಗೆ ಬಂದ ಯಮಾಹಾ ಡಿಟಿ-1 ಎಂಬ 250 ಘನ ಸೆಂಟಿಮೀಟರಿನ ಗಾಡಿಯಿಂದ ಈ ವರ್ಗಕ್ಕೆ ನಿಜವಾದ ಪ್ರಚಾರ ದೊರಕಿತು. ಇದರ ಲಕ್ಷಣಗಳಲ್ಲಿ ಒಂದೊಂದಕ್ಕೂ ಕಾರಣವಿದೆ. ಸ್ಪ್ರಿಂಗುಗಳು ಉದ್ದವಾಗಿರುತ್ತವೆ, ಏಕೆಂದರೆ ಒಂದೇ ಎತ್ತರದಿಂದ ಬಿದ್ದ ಭಾರವನ್ನು 12 ಸೆಂಟಿಮೀಟರಿನಲ್ಲಿ ತಡೆಯುವುದಕ್ಕಿಂತ 25 ಸೆಂಟಿಮೀಟರಿನಲ್ಲಿ ತಡೆದರೆ ಸರಾಸರಿ ಬಲ ಅರ್ಧಕ್ಕಿಳಿಯುತ್ತದೆ. ಮುಂಚಕ್ರದ ಮಡ್‌ಗಾರ್ಡು ಟೈರಿಗೆ ತಾಗಿಕೊಂಡಿರದೆ ಮೇಲೆ ಕೊಕ್ಕಿನಂತೆ ಚಾಚಿರುತ್ತದೆ. ಇದು ಶೋಕಿಗಾಗಿ ಅಲ್ಲವೆಂಬುದು ಮುಂದೆ ತಿಳಿಯುತ್ತದೆ.

ಇಲ್ಲಿ ಒಂದು ಉಪಮಾತು. ಕೆಟ್ಟ ದಾರಿಯಲ್ಲಿ ಸವಾರನು ಪೆಡಲುಗಳ ಮೇಲೆ ಎದ್ದು ನಿಲ್ಲುವುದುಂಟು. ಹೀಗೆ ನಿಂತರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ ಎಂದು ಎಷ್ಟೋ ಮಂದಿ ಬರೆದಿದ್ದಾರೆ. ಇದು ತಪ್ಪು, ಮೇಲೆ ಎದ್ದವನ ಗುರುತ್ವಕೇಂದ್ರ ಮೇಲಕ್ಕೇ ಹೋಗುತ್ತದೆ. ನಿಲ್ಲುವುದರ ಲಾಭ ಬೇರೆ: ಮೊಣಕಾಲುಗಳು ಇನ್ನೊಂದು ಜೊತೆ ಸ್ಪ್ರಿಂಗುಗಳಂತೆ ಕೆಲಸ ಮಾಡುವುದರಿಂದ ಕೆಳಗೆ ಗಾಡಿ ಕುಣಿದರೂ ಮೇಲಿನ ದೇಹ ಹೆಚ್ಚು ಅಲುಗದು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಮ್ಮ ವಿದ್ಯಾರ್ಥಿಗಳು ಮೋಸಹೋಗದಿರಲಿ.

2023ರ ಮೇ ತಿಂಗಳ ಮೊದಲ ವಾರ. ನಮ್ಮ ಚಿಕ್ಕಪ್ಪನ ಮಗನು ಡೆನ್ವರ್ ನಗರದಲ್ಲಿ ಎಂಜಿನಿಯರಾಗಿದ್ದಾನೆ. ಅವನಿಗೆ ಇಂತಹ ಜಾಡುಗಳಲ್ಲಿ ಹತ್ತು ವರ್ಷಗಳ ಅನುಭವವಿದೆ. ನಮಗೆ ಊರಿನ ರಸ್ತೆಗಳ ಅನುಭವ ಮಾತ್ರ. ಅವನದೊಂದು, ಬಾಡಿಗೆಯದೊಂದು, ಹೀಗೆ 250 ಘನ ಸೆಂಟಿಮೀಟರಿನ ಎರಡು ಗಾಡಿಗಳನ್ನು ಸಣ್ಣ ಲಾರಿಯ ಬೆನ್ನಿಗೆ ಕಟ್ಟಿಕೊಂಡು ಸುಮಾರು 650 ಕಿಲೋಮೀಟರು ಪ್ರಯಾಣ ಮಾಡಿ ಹ್ಯಾಂಕ್ಸ್‌ವಿಲ್ಲನ್ನು ಮುಟ್ಟಿದೆವು. ಅಲ್ಲಿ ಬಂಡೆಯ ಹೊಟ್ಟೆಯನ್ನು ಕೊರೆದು ಮಾಡಿದ ಪೆಟ್ರೋಲಿನ ಅಂಗಡಿಯೊಂದುಂಟು. ಅಲ್ಲಿಂದ ಮುಂದೆ ಪೆಟ್ರೋಲಿನ ಲೆಕ್ಕವೇ ಪ್ರಾಣದ ಲೆಕ್ಕ. ಟ್ಯಾಂಕಿನಲ್ಲಿ ಹಿಡಿಯುವುದು 8 ಲೀಟರು. ಲೀಟರಿಗೆ 25 ಕಿಲೋಮೀಟರಿನಂತೆ 200 ಕಿಲೋಮೀಟರು. ಇದರಲ್ಲಿ ಮೂರರಲ್ಲೊಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಒಂದು ಪಾಲು ದೈವಕ್ಕೆ ಎಂದು ನಮ್ಮ ತಮ್ಮನು ಹಂಚಿದನು. ಮರಳಿನಲ್ಲಿ ಎಂಜಿನ್ನು ಹೆಚ್ಚು ಕುಡಿಯುವುದರಿಂದ ಮೂರನೆಯ ಪಾಲು ದೈವಕ್ಕಲ್ಲ, ಘರ್ಷಣೆಗೆ ಎಂಬುದು ಎರಡೇ ದಿನಗಳಲ್ಲಿ ತಿಳಿಯಿತು. ತಲೆಗೆ ಆರಾರು ಲೀಟರು ನೀರನ್ನೂ ಕಟ್ಟಿಕೊಂಡಿದ್ದೆವು.

ನಾವು ಹಿಡಿದ ಜಾಡುಗಳಲ್ಲಿ ಹಲವು 1950ರ ದಶಕದವು. ಆ ಕಾಲದಲ್ಲಿ ಅಣುಶಕ್ತಿಯ ಉದ್ಯಮಕ್ಕೆ ಯುರೇನಿಯಂ ಬೇಕಾಗಿ, ಅದಿರನ್ನು ಹುಡುಕುವವರು ಈ ಸೀಮೆಗೆಲ್ಲ ನುಗ್ಗಿದರು. ಅವರು ಬುಲ್‌ಡೋಜರುಗಳಿಂದ ಕೆತ್ತಿದ ದಾರಿಗಳೇ ಇಂದು ಸವಾರರ ದಾರಿಗಳು. ತರಗತಿಯಲ್ಲಿ ಯುರೇನಿಯಂ ವಿದಳನವನ್ನು ಹೇಳಿಕೊಡುವವರಿಗೆ ಅದು ನೆಲದಿಂದ ಬಂದ ಹಾದಿಯಲ್ಲಿಯೇ ಗಾಡಿ ಓಡಿಸುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ಆ ಹಾದಿಗಳ ಮೇಲೆ ನಮಗೆ ದೊರೆತ ಸಂತೋಷವನ್ನು ಮುಚ್ಚಿಡಲಾರೆವು. ಬೆಳಗ್ಗೆ ಎಂಟರ ಬಿಸಿಲಿನಲ್ಲಿ ನೀಲಿಬೂದು ಗುಡ್ಡಗಳ ನಡುವೆ ಎಂಜಿನ್ನನ್ನು ನಿಲ್ಲಿಸಿದರೆ ಕಿವಿಯಲ್ಲಿ ನಮ್ಮ ರಕ್ತದ ಸದ್ದೇ ಕೇಳಿಸುತ್ತಿತ್ತು. ಕಾರಿನಲ್ಲಿ ಹೋಗುವವನಿಗೆ ಗಾಜಿನಾಚೆ ಕಾಣುವ ನೆಲವು ಎರಡು ಚಕ್ರದವನಿಗೆ ಕೈಗಳ ಮೂಲಕ ತಿಳಿಯುತ್ತದೆ: ಇಲ್ಲಿ ಗಟ್ಟಿ, ಇಲ್ಲಿ ಪುಡಿ, ಇಲ್ಲಿ ಮರಳು. ಒಂದು ಸೀಮೆಯ ಬಂಡೆಗಳನ್ನು ಕಲಿಯಲು ಇದಕ್ಕಿಂತ ಚುರುಕಾದ ಉಪಾಯ ನಮಗೆ ತಿಳಿಯದು.

ತಪ್ಪು ನಡೆದುದು ಎರಡನೆಯ ದಿನದ ಪೂರ್ವಾಹ್ನದಲ್ಲಿ. ಗುಡ್ಡಗಳ ಬುಡದಲ್ಲಿ ಮರಳು ಬೆರೆತ ಸಮತಟ್ಟಾದ ಒಂದು ಬಯಲಿತ್ತು. ಅದರ ಮೇಲ್ಮೈ ಕಪ್ಪಗೆ, ಹುರುಕಾಗಿ, ಸುಟ್ಟ ರೊಟ್ಟಿಯಂತೆ ಕಾಣುತ್ತಿತ್ತು. ಗುಡ್ಡವನ್ನು ಇನ್ನೊಂದು ಮಗ್ಗುಲಿನಿಂದ ಚಿತ್ರ ತೆಗೆಯೋಣವೆಂದು ನಾವು ಜಾಡನ್ನು ಬಿಟ್ಟು ಗಾಡಿಯನ್ನು ಆ ಬಯಲಿಗೆ ಇಳಿಸಿದೆವು. ಹೋದುದು ನಲವತ್ತು ಹೆಜ್ಜೆಗಳಷ್ಟು ದೂರ ಮಾತ್ರ. ಕೊನೆಯ ಭಾಗದಲ್ಲಿ ನೆಲ ತುಸು ಇಳಿಜಾರಾಗಿತ್ತು. ಚಕ್ರದಡಿಯಲ್ಲಿ ಹಪ್ಪಳ ಮುರಿದಂತೆ ಸದ್ದು ಬಂದಿತು. ಹಿಂದಿನಿಂದ ತಮ್ಮನ ಕೂಗು ಕೇಳಿಸಿತು: “ಅಣ್ಣಾ, ನಿಲ್ಲು! ಹಾದಿ ಬಿಟ್ಟು ಗಾಡಿ ಇಳಸಬ್ಯಾಡ ಅಂತ ನಿನ್ನೇನ ಹೇಳಿದ್ನಲ್ಲ!”

ಅವನು ತನ್ನ ಚೀಲದಿಂದ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನು ತೆಗೆದುಕೊಟ್ಟನು. ಮುರಿದ ಹೆಪ್ಪಳಿಕೆಯ ಅಂಚನ್ನು ನೋಡಿದೆವು. ಕೂದಲಿಗಿಂತ ಸಣ್ಣ ಎಳೆಗಳಿಂದ ಮರಳಿನ ಕಾಳುಗಳು ಜೋತಾಡುತ್ತಿದ್ದವು. ಅದು ಸತ್ತ ಮಣ್ಣಾಗಿರಲಿಲ್ಲ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿಗಳು ಕೂಡಿ ಕಟ್ಟಿದ ತೊಗಟೆ ಅದು. ಮಳೆಯ ಹನಿ ಬಿದ್ದಾಗ ಮೈಕ್ರೋಕೋಲಿಯಸ್ ಎಂಬ ಜೀವಿಯ ಎಳೆಗಳು ತೇವದಲ್ಲಿ ಚಲಿಸಿ ತಮ್ಮ ಹಿಂದೆ ಅಂಟಾದ ಕವಚವನ್ನು ಬಿಟ್ಟುಹೋಗುತ್ತವೆ. ಒಣಗಿದ ಮೇಲೂ ಆ ಕವಚ ಕಾಳುಗಳನ್ನು ಹಿಡಿದುಕೊಂಡಿರುತ್ತದೆ. ಈ ತೊಗಟೆಯ ನಿವಾಸಿಗಳಲ್ಲಿ ಕೆಲವು ಗಾಳಿಯ ನೈಟ್ರೋಜನನ್ನು ಹಿಡಿದು ನೆಲಕ್ಕೆ ಗೊಬ್ಬರವಾಗಿ ಕೊಡುತ್ತವೆ. ಯೂಟಾದ ಮೋಆಬ್‌ನಲ್ಲಿ ಜೇನ್ ಬೆಲ್‌ನಾಪ್ ಎಂಬ ವಿಜ್ಞಾನಿ ದಶಕಗಳ ಕಾಲ ಈ ತೊಗಟೆಯನ್ನು ಅಭ್ಯಸಿಸಿದರು. ಒಮ್ಮೆ ಪುಡಿಯಾದುದು ಪೂರ್ತಿ ಕೂಡಿಕೊಳ್ಳಲು ದಶಕಗಳು ಬೇಕು; ಅದರಲ್ಲಿನ ಕಲ್ಲುಹೂವು, ಪಾಚಿಗಳು ಮರಳಿ ಬರಲು ಒಂದೆರಡು ತಲೆಮಾರುಗಳೇ ಸಾಲದಿರಬಹುದು.

ನಮ್ಮ ಗಾಡಿ ಆ ತೊಗಟೆಗೆ ಏನು ಮಾಡಿತೆಂಬುದನ್ನು ಲೆಕ್ಕಹಾಕಿ ನೋಡೋಣ. ಗಾಡಿ, ಸವಾರ, ಸಾಮಾನು ಸೇರಿ 220 ಕಿಲೋಗ್ರಾಂ. ಟೈರಿನ ಗಡಸುತನವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅದು ನೆಲದ ಮೇಲೆ ಹಾಕುವ ಒತ್ತಡವು ಒಳಗಿನ ಗಾಳಿಯ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ಹೆದ್ದಾರಿಯಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ತುಂಬಿದ್ದರೆ ಎರಡೂ ಟೈರುಗಳು ನೆಲವನ್ನು ಮುಟ್ಟುವ ಜಾಗ 110 ಚದರ ಸೆಂಟಿಮೀಟರು, ಅಂದರೆ ಒಂದು ಅಂಗೈಯಷ್ಟು. ಮರಳಿಗಾಗಿ ಗಾಳಿಯನ್ನು ಬಿಟ್ಟು 1.25ಕ್ಕೆ ಇಳಿಸಿದರೆ 176 ಚದರ ಸೆಂಟಿಮೀಟರು. ಬೂಟು ಹಾಕಿದ 70 ಕಿಲೋಗ್ರಾಮಿನ ಮನುಷ್ಯನು ಒಂದು ಕಾಲಿನ ಮೇಲೆ ನಿಂತರೆ, ಅಟ್ಟೆಯ ಅಳತೆ 200 ಚದರ ಸೆಂಟಿಮೀಟರೆಂದು ಹಿಡಿದು, ಒತ್ತಡ 0.35 ಮಾತ್ರ. ಗಾಳಿ ಇಳಿಸಿದ ಟೈರು ಸಹ ಬೂಟಿಗಿಂತ ಮೂರೂವರೆ ಪಟ್ಟು ಒತ್ತುತ್ತದೆಂದಾಯಿತು. ಆದರೆ ಇದು ಚಿಕ್ಕ ಅಪರಾಧ. ದೊಡ್ಡದು ಯಾವುದೆಂದರೆ, ಎಳೆಯುವ ಹಿಂಚಕ್ರವು ಜಾರುತ್ತ ನೆಲವನ್ನು ಹಿಂದಕ್ಕೆ ಕೆರೆಯುತ್ತದೆ. ಮೇಲಿನಿಂದ ಒತ್ತುವ ಭಾರವನ್ನು ತಡೆದುಕೊಳ್ಳುವ ತೊಗಟೆಯು ಅಡ್ಡಲಾಗಿ ಕತ್ತರಿಸುವ ಬಲವನ್ನು ತಡೆಯಲಾರದು. ಮನುಷ್ಯನ ಹೆಜ್ಜೆಗಳ ನಡುವೆ ಮುಟ್ಟದ ನೆಲವೂ ಉಳಿಯುತ್ತದೆ; ಚಕ್ರವು ಎಲ್ಲಿಯೂ ಬಿಡುವು ಕೊಡದೆ ಗೆರೆ ಎಳೆಯುತ್ತದೆ. ಆ ಗೆರೆಯೇ ಮುಂದೆ ನೀರಿಗೆ ಕಾಲುವೆ.

ಇನ್ನೂ ಒಂದು ಗುಣಾಕಾರವನ್ನು ಮಾಡಬೇಕು. ಚಕ್ರದ ಅಗಲ ಸುಮಾರು 10 ಸೆಂಟಿಮೀಟರು. ಒಬ್ಬನು ಜಾಡು ಬಿಟ್ಟು 1 ಕಿಲೋಮೀಟರು ಓಡಿಸಿದರೆ ಅವನು ತುಳಿದುದು 100 ಚದರ ಮೀಟರು. ಐವತ್ತು ಮಂದಿ ತಮತಮಗೆ ತೋಚಿದ ದಾರಿಯಲ್ಲಿ ಹೋದರೆ 5,000 ಚದರ ಮೀಟರು, ಒಂದು ಎಕರೆಗೂ ಹೆಚ್ಚು. ಅದೇ ಐವತ್ತು ಮಂದಿ ಒಂದೇ ಜಾಡಿನಲ್ಲಿ ಹೋದರೆ? ಅದೇ 100 ಚದರ ಮೀಟರು. ಅದೂ ಈಗಾಗಲೇ ಕೆಟ್ಟುಹೋದ ನೆಲ. ಜಾಡನ್ನು ಬಿಡಬಾರದೆಂಬ ನಿಯಮಕ್ಕೆ ಈ ಗುಣಾಕಾರವೇ ಆಧಾರ. ಮೊದಲನೆಯ ಚಕ್ರವೇ ಹೆಚ್ಚಿನ ಹಾನಿಯನ್ನು ಮಾಡಿಬಿಡುತ್ತದೆ. ಅದರ ಹಿಂದೆ ಹೋಗುವ ನಲವತ್ತೊಂಬತ್ತು ಸೇರಿಸುವುದು ಕೊಂಚವೇ.

ಅದೇ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ನಮಗೆ ಎರಡನೆಯ ಪಾಠವಾಯಿತು. ಶೇಲಿನ ಗುಡ್ಡಗಳ ನಡುವಣ ಮಣ್ಣಿನ ದಾರಿಯಲ್ಲಿದ್ದೆವು. ಮಳೆ ಹೊಡೆದುದು ಹದಿನೈದು ನಿಮಿಷ. ಅಷ್ಟರಲ್ಲಿ ಸಿಮೆಂಟಿನಂತಿದ್ದ ದಾರಿ ಬೆಣ್ಣೆಯಾಯಿತು. ಅರವತ್ತು ಮೀಟರು ಹೋಗುವುದರೊಳಗೆ ಹಿಂಚಕ್ರಕ್ಕೂ ಅದನ್ನು ಹಿಡಿದ ಕಬ್ಬಿಣದ ತೋಳಿಗೂ ನಡುವೆ ಕೆಸರು ಗಿಡಿದುಕೊಂಡು ಚಕ್ರವೇ ತಿರುಗದಾಯಿತು. ಮುಂಚಕ್ರ ತಿರುಗುತ್ತಿತ್ತು, ಎತ್ತರದ ಮಡ್‌ಗಾರ್ಡಿನ ಅರ್ಥ ಆಗ ಮನದಟ್ಟಾಯಿತು. ಬೂಟಿಗೆ ಅಂಟಿದ ಮಣ್ಣು ಹೆಜ್ಜೆ ಹೆಜ್ಜೆಗೂ ಹೆಚ್ಚುತ್ತ ಕಾಲು ಆನೆಯ ಕಾಲಾಯಿತು. ತಮ್ಮನು ನಕ್ಕು, “ಅಣ್ಣಾ, ಇದು ನಮ್ಮ ಎರಿ ಹೊಲಾನ ಐತಿ ನೋಡು” ಎಂದನು.

ಅವನ ಮಾತು ಹಾಸ್ಯಕ್ಕೆ ಹೇಳಿದುದಾದರೂ ವಿಜ್ಞಾನದ ದೃಷ್ಟಿಯಿಂದ ನಿಜ. ನಾವಿಬ್ಬರೂ ಹುಟ್ಟಿ ಬೆಳೆದುದು ಗದಗ ಸೀಮೆಯ ಎರೆನೆಲದಲ್ಲಿ. ಮಳೆಗಾಲದಲ್ಲಿ ಶಾಲೆಗೆ ಹೋಗುವಾಗ ಸೈಕಲ್ಲಿನ ಮೇಲೆ ನಾವು ಹೋದ ದಿನಗಳಿಗಿಂತ ಹೆಗಲ ಮೇಲೆ ಸೈಕಲ್ಲು ಬಂದ ದಿನಗಳೇ ಹೆಚ್ಚು. ಎರೆಮಣ್ಣಿನಲ್ಲಿಯೂ ಆ ಶೇಲಿನಲ್ಲಿಯೂ ಇರುವುದು ಸ್ಮೆಕ್ಟೈಟ್ ಎಂಬ ಒಂದೇ ಕುಲದ ಜೇಡಿ. ಅದರ ಹಾಳೆಗಳು ಒಂದೊಂದೂ ಸುಮಾರು ಒಂದು ನ್ಯಾನೋಮೀಟರು ದಪ್ಪ. ಹಾಳೆಗಳ ಮೇಲೆ ಋಣವಿದ್ಯುತ್ತು ಇರುತ್ತದೆ. ನಡುವೆ ಸೋಡಿಯಂ, ಕ್ಯಾಲ್ಸಿಯಂ ಮುಂತಾದ ಧನ ಅಯಾನುಗಳು ಅವುಗಳನ್ನು ಹಿಡಿದಿರುತ್ತವೆ. ನೀರು ಬಂದರೆ ಅಯಾನುಗಳು ನೀರಿನ ಅಣುಗಳನ್ನು ಸುತ್ತಿಕೊಂಡು ಹಾಳೆಗಳನ್ನು ದೂರ ತಳ್ಳುತ್ತವೆ. ಮಣ್ಣು ಉಬ್ಬುತ್ತದೆ, ಹಾಳೆಯ ಮೇಲೆ ಹಾಳೆ ಜಾರುತ್ತದೆ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹೀಗೆ ಉಬ್ಬಿ ಕುಗ್ಗುವುದರಿಂದಲೇ ಆ ಗುಡ್ಡಗಳ ಮೈ ಹುರಿದ ಜೋಳದ ಅರಳಿನಂತೆ ಪೊಳ್ಳಾಗಿದೆ. ಟೈರಿಗೂ ನೆಲಕ್ಕೂ ಘರ್ಷಣಾಂಕ 0.6 ಇದ್ದರೆ 31 ಡಿಗ್ರಿಯ ಇಳಿಜಾರಿನಲ್ಲಿ ನಿಲ್ಲಬಹುದು, ಅದು 0.2ಕ್ಕೆ ಇಳಿಯಿತೆಂದರೆ 11 ಡಿಗ್ರಿಯಲ್ಲಿಯೇ ಜಾರಬೇಕು. ಬ್ರೇಕಿನ ಗುಣ ಎಷ್ಟೇ ಹೆಚ್ಚಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಡೇರೆ ಹಾಕಿದೆವು. ಮಳೆ ಬಂದುದು ಹದಿನೈದು ನಿಮಿಷವಾದರೆ ನಾವು ಕಾದುದು ಹತ್ತೊಂಬತ್ತು ಗಂಟೆ. ಅಷ್ಟು ಹೊತ್ತಿನಲ್ಲಿ ಮೂವರು ಸವಾರರು ದೊಡ್ಡ ಗಾಡಿಗಳಲ್ಲಿ ಅದೇ ದಾರಿಯನ್ನು ಉತ್ತುಕೊಂಡು ಹೋದರು. ಮರುದಿನ ಬಿಸಿಲಿನಲ್ಲಿ ಅವರ ಗಾಲಿಯ ಕೊರಕಲು ಇಟ್ಟಿಗೆಯಾಗಿ ನಿಂತಿತ್ತು. ಅಳೆದರೆ ಗೇಣುದ್ದ ಆಳ. ಇದರ ಪರಿಣಾಮವನ್ನು ಕಾಲೇಜಿನ ವಿದ್ಯಾರ್ಥಿಯೂ ಲೆಕ್ಕಹಾಕಬಲ್ಲನು. ಸಮನಾಗಿ ಹರಿಯುವ ನೀರು ತಳದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಹಾಕುವ ಎಳೆತವು ನೀರಿನ ಆಳವನ್ನೂ ಇಳಿಜಾರನ್ನೂ ಗುಣಿಸಿದಷ್ಟಿರುತ್ತದೆ. ಇಡೀ ಇಳಿಜಾರಿನ ಮೇಲೆ 2 ಮಿಲಿಮೀಟರು ಆಳದ ತೆಳುಹಾಳೆಯಾಗಿ ಹರಿಯಬೇಕಾದ ನೀರು ಗಾಲಿಯ ಕೊರಕಲಿನಲ್ಲಿ ಕೂಡಿಕೊಂಡು 4 ಸೆಂಟಿಮೀಟರು ಆಳವಾದರೆ ತಳದ ಮೇಲಣ ಎಳೆತ ಇಪ್ಪತ್ತು ಪಟ್ಟಾಗುತ್ತದೆ. ಕೊರಕಲು ಆಳವಾದಷ್ಟೂ ನೀರು ಹೆಚ್ಚು ಕೂಡುತ್ತದೆ, ನೀರು ಕೂಡಿದಷ್ಟೂ ಕೊರಕಲು ಆಳವಾಗುತ್ತದೆ. ಮುಂದೆ ಬಂದವನು ಅದನ್ನು ತಪ್ಪಿಸಲು ಪಕ್ಕದ ಹೊಸ ನೆಲಕ್ಕೆ ಇಳಿಯುತ್ತಾನೆ. ನಮ್ಮೂರಿನ ಎತ್ತಿನ ಗಾಡಿಯ ದಾರಿಗಳು ಹಳ್ಳಗಳಾದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಸವಾರರ ಪಕ್ಷದ ವಾದವನ್ನು ಕೇಳೋಣ. ಅದು ಸುಳ್ಳಲ್ಲವೆಂಬುದೇ ತೊಡಕು. ಅವರು ಹೇಳುವುದೇನೆಂದರೆ, ಬೂದುಗುಡ್ಡಗಳ ಕಡಿದಾದ ಮೈಯಲ್ಲಿ ತೊಗಟೆ ಬೆಳೆಯುವುದೇ ಕಡಿಮೆ. ಮಳೆ ಬಂದರೆ ಶೇಲು ಉಬ್ಬಿ ಹರಿದು ಚಕ್ರದ ಗುರುತುಗಳನ್ನು ತಾನೇ ಅಳಿಸುತ್ತದೆ. ಕಡಿದಾದ ಮೈಯ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ಆದರೆ ಗುಡ್ಡಕ್ಕೆ ಹೋಗುವವನು ಬಯಲನ್ನು ದಾಟಿಯೇ ಹೋಗಬೇಕು. ಬಯಲಿನ ಗುರುತು ಅಳಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1944ರವರೆಗೆ, ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಟ್ಯಾಂಕುಗಳ ತರಬೇತಿ ನಡೆಯಿತು. ಆ ಟ್ಯಾಂಕುಗಳ ಹೆಜ್ಜೆಗಳು ಎಂಬತ್ತು ವರ್ಷಗಳಾದರೂ ಕೆಲವೆಡೆ ಕಣ್ಣಿಗೆ ಕಾಣುತ್ತವೆ. ಅಷ್ಟು ದೂರ ಹೋಗುವುದೇಕೆ? ಯುರೇನಿಯಂ ಅರಸಿದವರ ದಾರಿಗಳು ಉಳಿದಿರುವುದರಿಂದಲೇ ಅಲ್ಲವೇ ನಾವು ಅವುಗಳಲ್ಲಿ ಓಡಾಡಿದುದು?

ಇನ್ನು ಗುಡ್ಡದ ಮೈಯಿಂದ ‘ಅಳಿದುಹೋದ’ ಮಣ್ಣು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ. ಹ್ಯಾಂಕ್ಸ್‌ವಿಲ್ ಬಳಿ ಫ್ರೀಮಾಂಟ್ ಹೊಳೆಯೂ ಮಡ್ಡಿ ಹಳ್ಳವೂ ಕೂಡಿ ಒಂದು ನದಿಯಾಗುತ್ತದೆ. 1869ರಲ್ಲಿ ದೋಣಿಗಳಲ್ಲಿ ಬಂದ ಪೊವೆಲ್ಲನ ತಂಡದವರು ಅದರ ನೀರನ್ನು ಕಂಡು ಡರ್ಟಿ ಡೆವಿಲ್, ಎಂದರೆ ಕೊಳಕು ಪಿಶಾಚಿ, ಎಂದು ಹೆಸರಿಟ್ಟರು. ಮೋಟಾರು ಸೈಕಲ್ಲು ಹುಟ್ಟುವ ಮೊದಲೇ ಅದು ಕೆಸರಿನ ನದಿಯಾಗಿತ್ತೆಂಬುದನ್ನು ಒಪ್ಪಬೇಕು. ಸವಾರರೇ ಅದನ್ನು ಕೊಳಕು ಮಾಡಿದರೆನ್ನುವುದು ಅನ್ಯಾಯ. ಆ ನದಿ ಕೊಲರಾಡೋವನ್ನು ಸೇರುತ್ತದೆ. ಶೇಲಿನೊಳಗೆ ಉಳಿದ ಪ್ರಾಚೀನ ಸಮುದ್ರದ ಉಪ್ಪನ್ನು ನೆನಪಿಸಿಕೊಳ್ಳಿರಿ: ಮ್ಯಾಂಕೋಸ್ ಶೇಲು ಕೊಲರಾಡೋ ನದಿಗೆ ಉಪ್ಪನ್ನು ಒದಗಿಸುವ ಮುಖ್ಯ ಮೂಲಗಳಲ್ಲೊಂದು. ಕೆಳಗಿನ ಹೊಲಗಳಿಗೂ ನಗರಗಳಿಗೂ ಮೆಕ್ಸಿಕೋ ದೇಶಕ್ಕೂ ಹೋಗುವ ನೀರು ಅದೇ. ಈ ಉಪ್ಪನ್ನು ತಡೆಯುವುದಕ್ಕಾಗಿ ಅಮೆರಿಕವು 1974ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಸವಾರರಿಂದ ಬರುವ ಪಾಲು ಸಣ್ಣದಿರಬಹುದು. ‘ಯಾರ ಗಂಟು’ ಎಂಬ ಪ್ರಶ್ನೆಗೆ ಕೆಳಗಿನ ದಂಡೆಯ ಒಕ್ಕಲಿಗನೂ ಕೈಯೆತ್ತಬಹುದೆಂಬುದಷ್ಟೇ ನಮ್ಮ ಮಾತು.

ಕೈಯೆತ್ತಲಾರದ ಇನ್ನೊಂದು ಪಕ್ಷವೂ ಉಂಟು. ಹುಲ್ಲೂ ಬೆಳೆಯದೆಂದು ಕಾಣುವ ಆ ಸೀಮೆಯಲ್ಲಿ ವಿಂಕ್ಲರ್ ಕಳ್ಳಿ ಎಂಬ ಪುಟ್ಟ ಗಿಡವಿದೆ. ಅಂಗೈಯಲ್ಲಿ ಹಿಡಿಯುವ ಗಾತ್ರದ್ದು. ಬರದ ತಿಂಗಳುಗಳಲ್ಲಿ ಅದು ಕುಗ್ಗಿ ನೆಲದೊಳಗೆ ಇಳಿದುಬಿಡುತ್ತದೆ. ಮೇಲೆ ಏನೂ ಕಾಣದು. ಅದರ ಮೇಲೆ ಗಾಡಿ ಓಡಿಸಿದವನು ‘ಇಲ್ಲಿ ಒಂದು ಗಿಡವನ್ನೂ ಕಾಣಲಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಬಲ್ಲನು. ರೈಟ್ ಕಳ್ಳಿ ಎಂಬುದು ಇನ್ನೊಂದು, ಗಾಳದಂತೆ ಬಾಗಿದ ಮುಳ್ಳಿನದು. ಮೊದಲನೆಯದನ್ನು 1998ರಲ್ಲಿ, ಎರಡನೆಯದನ್ನು 1979ರಲ್ಲಿ, ಅಳಿವಿನ ಭಯವಿರುವ ಸಸ್ಯಗಳ ಪಟ್ಟಿಗೆ ಸೇರಿಸಿದರು.

ಈ ಕಳ್ಳಿಗಳ ನಿಮಿತ್ತವಾಗಿಯೇ ವಿದ್ಯಾರ್ಥಿ ಹೇಳಿದ ನಿಷೇಧ ಬಂದುದು. ಸರ್ಕಾರಿ ಭೂಮಿಯಲ್ಲಿ ವಾಹನಗಳು ಎಲ್ಲಿ ರಸ್ತೆ ಬಿಟ್ಟು ಓಡಬಹುದು, ಎಲ್ಲಿ ಕೂಡದು ಎಂಬುದನ್ನು ಗೊತ್ತುಮಾಡಬೇಕೆಂದು ಅಧ್ಯಕ್ಷ ನಿಕ್ಸನ್ 1972ರಲ್ಲಿ ಆಜ್ಞೆ ಹೊರಡಿಸಿದ್ದರು. 2006ರಲ್ಲಿ ಭೂನಿರ್ವಹಣೆಯ ಇಲಾಖೆಯು ಫ್ಯಾಕ್ಟರಿ ಬ್ಯೂಟಿನ ಸುತ್ತ ಸುಮಾರು 142,000 ಎಕರೆಯಲ್ಲಿ ಜಾಡು ಬಿಟ್ಟು ಓಡಿಸುವುದನ್ನು ತಡೆಯಿತು. ಸುಮಾರು 2,600 ಎಕರೆಯ ಒಂದು ಬಯಲನ್ನು ಮಾತ್ರ ಸವಾರರ ಆಟಕ್ಕೆ ಬಿಟ್ಟಿತು. 2019ರಲ್ಲಿ ಗುಡ್ಡದ ಬಳಿಯ 5,400 ಎಕರೆಯನ್ನು ಮತ್ತೆ ತೆರೆಯಿತು.

ನಮ್ಮ ಮತದಲ್ಲಿ 2006ರ ಏರ್ಪಾಡು ಸರಿಯಾದುದು, 2019ರ ಬದಲಾವಣೆ ಅನವಶ್ಯಕ. ಆಟಕ್ಕೆಂದು ಒಂದು ತುಂಡು ನೆಲವನ್ನು ಬಲಿಕೊಟ್ಟು ಉಳಿದುದರಲ್ಲಿ ಜಾಡಿಗೆ ಕಟ್ಟುಬೀಳುವುದು ಮೇಲೆ ಹೇಳಿದ ಗುಣಾಕಾರಕ್ಕೆ ಒಪ್ಪುವ ಮಾರ್ಗ. ಬೇಲಿ, ಫಲಕಗಳಿಂದ ಕಳ್ಳಿಯನ್ನು ಕಾಯಬಹುದೆಂಬವರು, ನೆಲದೊಳಗೆ ಅಡಗಿದ ಕಳ್ಳಿಯ ಸುತ್ತ ಬೇಲಿಯನ್ನು ಎಲ್ಲಿ ಹಾಕುವರೋ ತಿಳಿಯದು. ಹಾಗೆಂದು, ಚಕ್ರವೇ ಅತ್ತ ಸುಳಿಯಕೂಡದೆನ್ನುವವರನ್ನೂ ನಾವು ಒಪ್ಪಲಾರೆವು. ಆ ದೂರಗಳನ್ನು ನೀರು ಹೊತ್ತು ನಡೆದು ನೋಡಬಲ್ಲವರು ಎಷ್ಟು ಮಂದಿ? ಹಳೆಯ ಜಾಡಿನಲ್ಲಿ, ಒಣದಿನಗಳಲ್ಲಿ, ನಿಧಾನವಾಗಿ ಹೋಗುವ ಹಗುರವಾದ ಗಾಡಿ ಸೇರಿಸುವ ಹಾನಿ ಅಲ್ಪ. ಅದು ಕಲಿಸುವುದು ಬಹಳ. ನಮಗೆ ತೊಗಟೆಯೂ ಜೇಡಿಯೂ ಪುಸ್ತಕದಲ್ಲಿ ಹಿಂದೆಯೇ ಗೊತ್ತಿದ್ದವು. ಗೊತ್ತಿದ್ದೂ ಗಾಡಿಯನ್ನು ಇಳಿಸಿದೆವಷ್ಟೆ.

2024ರ ಅಕ್ಟೋಬರಿನಲ್ಲಿ ನಮ್ಮ ತಮ್ಮನು ಅದೇ ಬಯಲಿಗೆ ಮತ್ತೆ ಹೋಗಿದ್ದನು. ಗಾಡಿಯನ್ನು ಜಾಡಿನಲ್ಲಿಯೇ ನಿಲ್ಲಿಸಿ, ನಮ್ಮ ಚಕ್ರದ ಗೆರೆಯ ಮೇಲೆಯೇ ಹೆಜ್ಜೆಯಿಟ್ಟು ನಡೆದು ಹೋಗಿ, ಅಳತೆಗೆಂದು ತನ್ನ 30 ಸೆಂಟಿಮೀಟರಿನ ಬೂಟನ್ನು ಪಕ್ಕದಲ್ಲಿರಿಸಿ ಎರಡು ಚಿತ್ರಗಳನ್ನು ತೆಗೆದು ಕಳುಹಿಸಿದನು. ಒಂದೂವರೆ ವರ್ಷವಾಗಿದ್ದರೂ ಗೆರೆ ಆದಿಯಿಂದ ಅಂತ್ಯದವರೆಗೆ ಕಾಣುತ್ತಿತ್ತು. ಚಿತ್ರಗಳನ್ನು ಆ ವಿದ್ಯಾರ್ಥಿಗೆ ಕೊಟ್ಟು, ಬೂಟಿನ ಅಳತೆಯಿಂದ ಗೆರೆಯ ಅಗಲವನ್ನು ಲೆಕ್ಕಹಾಕೆಂದೆವು. ಅವನು ಅಳತೆಪಟ್ಟಿಯನ್ನು ಇಟ್ಟು ನೋಡಿ ಮತ್ತೊಮ್ಮೆ ನೋಡಿದನು. “ಮೊದಲನೆಯದರಲ್ಲಿ 11 ಸೆಂಟಿಮೀಟರು, ಸಾರ್. ಇಳಿಜಾರಿನದರಲ್ಲಿ 19 ಬರುತ್ತದೆ. ಟೈರು ಎಷ್ಟು ಅಗಲ?” ಎಂದು ಕೇಳಿದನು.

ಎರಡು ಕಡೆಯೂ ಓಡಿದುದು ಒಂದೇ ಟೈರು. ಅದರ ಅಗಲ 11.